ಲಾರಿಯ ಮುಂಭಾಗ ಒಂದು ಕಡೆ ಕೂತಿದೆ, ಟೈರೂ ಸವೆಯುತ್ತಿದೆ: ಎರಡಕ್ಕೂ ಕಾರಣ ಒಂದೇನಾ?

ಓದುಗರ ಪ್ರಶ್ನೆ: "ನನ್ನದು ಎರಡು ಆಕ್ಸಲ್‌ನ ಲಾರಿ, ಒಂಬತ್ತು ವರ್ಷದ್ದು. ಮುಂದೆ ಕಮಾನು ಪಟ್ಟಿ (ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳ ಸ್ಪ್ರಿಂಗ್). ಖಾಲಿ ನಿಲ್ಲಿಸಿದಾಗಲೂ ಎಡಗಡೆ ಮುಂಭಾಗ ಬಲಕ್ಕಿಂತ ಸುಮಾರು 4 ಸೆಂ.ಮೀ. ಕೆಳಗೆ ಕೂತಿರುತ್ತದೆ. ಎರಡೂ ಕಡೆ ಶಾಕ್ ಅಬ್ಸಾರ್ಬರ್ ಹೊಸದು ಹಾಕಿಸಿದೆ, ಒಂದು ಚೂರೂ ಮೇಲೇಳಲಿಲ್ಲ. ಆರು ತಿಂಗಳಲ್ಲಿ ಎರಡು ಸಲ ಅಲೈನ್‌ಮೆಂಟ್ ಮಾಡಿಸಿದೆ. ಮೂರ್ನಾಲ್ಕು ವಾರ ಚೆನ್ನಾಗಿರುತ್ತದೆ, ಆಮೇಲೆ ಮತ್ತೆ ಎಡಕ್ಕೆ ಎಳೆಯುತ್ತದೆ. ಮುಂದಿನ ಎರಡೂ ಟೈರುಗಳ ಹೊರ ಅಂಚು ಸವೆದಿದೆ. ಒಬ್ಬ ಮೆಕ್ಯಾನಿಕ್ ಎಡಕ್ಕೆ ಒಂದು ಪಟ್ಟಿ ಜಾಸ್ತಿ ಹಾಕೋಣ ಅನ್ನುತ್ತಾರೆ. ಇನ್ನೊಬ್ಬರು ಹಳೇ ಪಟ್ಟಿಗಳನ್ನೇ ಕಾಯಿಸಿ ಬಗ್ಗಿಸಿ ಕೊಡುತ್ತೇನೆ ಅನ್ನುತ್ತಾರೆ. ಮೂರನೆಯವರು ಆಕ್ಸಲ್ ಮೇಲೆ ಕಬ್ಬಿಣದ ಬ್ಲಾಕ್ ಇಟ್ಟರೆ ಸಾಕು ಅಂದರು. ಕಮಾನು ಸರಿಯಾದರೆ ಅಲೈನ್‌ಮೆಂಟ್ ತಾನಾಗಿ ಸರಿಹೋಗುತ್ತದೆ ಅನ್ನುವುದು ಮೂವರ ಮಾತೂ ಹೌದು. ಯಾರ ಮಾತು ಕೇಳಲಿ? ಅಲ್ಲಿಯವರೆಗೆ ಗಾಡಿ ಓಡಿಸಬಹುದಾ?"

ಉತ್ತರ:

ನೀವು ಇಷ್ಟು ವಿವರವಾಗಿ ಬರೆದಿದ್ದು ಒಳ್ಳೆಯದಾಯಿತು. "ಗಾಡಿ ಕೂತಿದೆ, ಏನು ಮಾಡಲಿ" ಅಂತ ಒಂದೇ ಸಾಲು ಬರೆದಿದ್ದರೆ ನಾನೂ ಸುಮ್ನೆ ಊಹೆ ಮಾಡಬೇಕಾಗುತ್ತಿತ್ತು. ನಿಮ್ಮ ಪತ್ರದಲ್ಲಿ ಎರಡು ತೊಂದರೆಗಳಿವೆ. ಒಂದು, ಗಾಡಿಯ ಎತ್ತರ ಇಳಿದಿರುವುದು. ಇನ್ನೊಂದು, ಎಳೆತ ಮತ್ತು ಟೈರ್ ಸವೆತ. ಎಲ್ಲರೂ ಎರಡನ್ನೂ ಒಂದೇ ಗಂಟಿಗೆ ಹಾಕಿ ನೋಡುತ್ತಿದ್ದಾರೆ. ಅದಕ್ಕೇ ನೀವು ಮಾಡಿಸಿದ ಕೆಲಸ ಯಾವುದೂ ನಿಲ್ಲುತ್ತಿಲ್ಲ ಅನ್ನುವುದು ನನ್ನ ಅನಿಸಿಕೆ.

ಮೊದಲು ಶಾಕ್ ಅಬ್ಸಾರ್ಬರ್ ವಿಷಯ ಮುಗಿಸಿಬಿಡೋಣ. ಲಾರಿಯ ಭಾರ ಹೊರುವುದು ಕಮಾನು ಪಟ್ಟಿ. ಶಾಕ್ ಅಬ್ಸಾರ್ಬರ್ ಭಾರ ಹೊರುವುದಿಲ್ಲ. ಪಟ್ಟಿ ಮೇಲೆ ಕೆಳಗೆ ಕುಣಿಯುವುದನ್ನು ಬೇಗ ನಿಲ್ಲಿಸುವುದಷ್ಟೇ ಅದರ ಕೆಲಸ. ಅದನ್ನು ಬಿಚ್ಚಿ ಪಕ್ಕಕ್ಕಿಟ್ಟರೂ ನಿಂತ ಗಾಡಿಯ ಎತ್ತರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಹಾಗಾಗಿ ಹೊಸದು ಹಾಕಿದರೂ ಗಾಡಿ ಏಳಲಿಲ್ಲ. ಹಳೆಯದು ಎಣ್ಣೆ ಸೋರುತ್ತಿದ್ದರೆ ಬದಲಾಯಿಸಿದ್ದು ವ್ಯರ್ಥವಲ್ಲ, ಟೈರಿನಲ್ಲಿ ಗುಳಿ ಗುಳಿಯಾಗಿ ಸವೆಯುವುದು ಕಡಿಮೆಯಾಗುತ್ತದೆ. ಆದರೆ ಈ ಕಾಯಿಲೆಗೆ ಅದು ಮದ್ದಲ್ಲ.

ಈಗ ದೊಡ್ಡ ತಪ್ಪು ತಿಳಿವಳಿಕೆಗೆ ಬರೋಣ. "ಕಮಾನು ಇಳಿದದ್ದಕ್ಕೇ ಟೈರ್ ಸವೆಯುತ್ತಿದೆ, ಕಮಾನು ಎತ್ತಿದರೆ ಅಲೈನ್‌ಮೆಂಟ್ ಸರಿ" ಅನ್ನುವ ಮಾತು. ನಿಮ್ಮಂಥ ಲಾರಿಯಲ್ಲಿ ಮುಂದಿನ ಎರಡು ಚಕ್ರಗಳ ನಡುವೆ ಇರುವುದು ಒಂದೇ ಗಟ್ಟಿ ಆಕ್ಸಲ್. ಎರಡೂ ಟೈರ್ ಒಂದೇ ಅಳತೆಯದಾಗಿದ್ದು, ಗಾಳಿಯೂ ಸಮ ಇದ್ದರೆ ಆ ಆಕ್ಸಲ್ ರಸ್ತೆಗೆ ಸಮನಾಗಿಯೇ ಇರುತ್ತದೆ. ಮೇಲಿನ ಚಾಸಿ ಎಡಕ್ಕೆ ವಾಲಿದರೂ ಆಕ್ಸಲ್ ವಾಲುವುದಿಲ್ಲ. ಆದ್ದರಿಂದ ಚಕ್ರ ಒಳಕ್ಕೆ ಹೊರಕ್ಕೆ ವಾಲುವ ಕೋನ, ಅಂದರೆ ಕ್ಯಾಂಬರ್, ಕಮಾನು ಇಳಿದದ್ದರಿಂದ ಬದಲಾಗುವುದಿಲ್ಲ. ಟೋ ಕೂಡ ಅಷ್ಟೇ. ಎರಡು ಚಕ್ರಗಳ ಮುಂತುದಿ ಒಂದಕ್ಕೊಂದು ಎಷ್ಟು ಹತ್ತಿರ ಅನ್ನುವುದನ್ನು ಹಿಡಿದಿಡುವುದು ಟೈ ರಾಡ್. ಅದು ಆಕ್ಸಲ್ ಜೊತೆಯಲ್ಲೇ ಇರುವ ಸರಳು, ಚಾಸಿಗೆ ಕಟ್ಟಿಲ್ಲ. ಚಾಸಿ ಇಳಿದರೂ ಏರಿದರೂ ಅದರ ಉದ್ದ ಅಷ್ಟೇ ಅಲ್ವಾ?

ಮುಂದಿನ ಎರಡು ಚಕ್ರಗಳೂ ಬೇರೆ ಬೇರೆಯಾಗಿ ಆಡುವ ಚಿಕ್ಕ ಪಿಕಪ್ ಗಾಡಿಗಳ ಕಥೆ ಬೇರೆ. ಕಾಯಿಲ್ ಸ್ಪ್ರಿಂಗ್ ಅಥವಾ ಟಾರ್ಷನ್ ಬಾರ್ ಇರುವ ಅವುಗಳಲ್ಲಿ ಎತ್ತರ ಬದಲಾದರೆ ಕ್ಯಾಂಬರ್, ಟೋ ಎರಡೂ ಬದಲಾಗುತ್ತವೆ. ಎತ್ತರ ಸರಿಮಾಡಿದ ತಕ್ಷಣ ಅಲೈನ್‌ಮೆಂಟ್ ಮಾಡಿಸಲೇಬೇಕು. ಆ ಗಾಡಿಗಳ ಅನುಭವವನ್ನೇ ಜನ ಲಾರಿಗೂ ಅಂಟಿಸುತ್ತಾರೆ, ಗೊಂದಲ ಹುಟ್ಟುವುದು ಅಲ್ಲಿಂದಲೇ.

ಹಾಗಂತ ಲಾರಿಯಲ್ಲಿ ಇಳಿದ ಕಮಾನಿಗೂ ಚಕ್ರದ ಓಟಕ್ಕೂ ಸಂಬಂಧವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಮೂರು ದಾರಿಯಲ್ಲಿ ಸಂಬಂಧ ಇದೆ. ಸ್ಟೇರಿಂಗ್ ಬಾಕ್ಸ್ ಇರುವುದು ಚಾಸಿಯಲ್ಲಿ, ಚಕ್ರ ಇರುವುದು ಆಕ್ಸಲ್‌ನಲ್ಲಿ. ಇವೆರಡನ್ನೂ ಸೇರಿಸುವ ಡ್ರ್ಯಾಗ್ ಲಿಂಕ್‌ನ ಕೋನ, ಕಮಾನು ಇಳಿದಾಗ ಬದಲಾಗುತ್ತದೆ. ಆಗ ನೇರ ಹೋಗುವಾಗಲೂ ಸ್ಟೇರಿಂಗ್ ಚಕ್ರ ಒಂದು ಕಡೆ ತಿರುಗಿ ಕೂರುತ್ತದೆ, ಗುಂಡಿಗೆ ಬಿದ್ದಾಗ ಗಾಡಿ ತಾನಾಗಿ ಸ್ವಲ್ಪ ತಿರುಗುತ್ತದೆ. ಎರಡನೆಯದು ಕ್ಯಾಸ್ಟರ್, ಅಂದರೆ ಚಕ್ರ ಎಡಬಲಕ್ಕೆ ತಿರುಗಲು ಕೀಲಾಗಿರುವ ಕಿಂಗ್ ಪಿನ್ನಿನ ಮೇಲ್ತುದಿ ಹಿಂದಕ್ಕೆ ವಾಲಿರುವ ಕೋನ. ಗಾಡಿ ನೇರ ಓಡಲು, ತಿರುವಿನ ನಂತರ ಸ್ಟೇರಿಂಗ್ ತಾನಾಗಿ ಮರಳಲು ಇದೇ ಕಾರಣ. ಮುಂಭಾಗ ಇಳಿದರೆ ಈ ಕೋನ ಕಡಿಮೆಯಾಗುತ್ತದೆ. ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವೆ 4 ಮೀಟರ್ ಇರುವ ಗಾಡಿಯಲ್ಲಿ ಮುಂಭಾಗ ಪೂರ್ತಿ 7 ಸೆಂ.ಮೀ. ಇಳಿದರೆ ಸುಮಾರು 1 ಡಿಗ್ರಿ ಕಳೆದುಹೋಗುತ್ತದೆ. ಕೇಳಲು ಚಿಕ್ಕದು. ಆದರೆ ಓಡಿಸುವವರಿಗೆ ಗಾಡಿ ಓಲಾಡುವುದು ಗೊತ್ತಾಗುತ್ತದೆ.

ಮೂರನೆಯದು ನಿಮ್ಮ ಗಾಡಿಗೆ ತುಂಬ ಮುಖ್ಯ ಅನ್ನಿಸುತ್ತದೆ. ಕಮಾನಿನ ಮುಂತುದಿ ಚಾಸಿಗೆ ಗಟ್ಟಿಯಾಗಿ ಕೂತಿದ್ದು, ಹಿಂತುದಿ ಶ್ಯಾಕಲ್ ಎಂಬ ಅಲುಗುವ ಕೊಂಡಿಯಲ್ಲಿ ತೂಗಾಡುವ ಗಾಡಿಗಳೇ ಜಾಸ್ತಿ. ಬಾಗಿದ ಪಟ್ಟಿ ಚಪ್ಪಟೆಯಾದಂತೆ ಅದರ ತುದಿಗಳ ನಡುವಿನ ದೂರ ಹೆಚ್ಚುತ್ತದೆ. ಮುಂತುದಿ ಅಲುಗುವಂತಿಲ್ಲ. ಹಾಗಾಗಿ ಆಕ್ಸಲ್ ಕೆಲವು ಮಿಲಿಮೀಟರ್ ಹಿಂದಕ್ಕೆ ಸರಿಯುತ್ತದೆ. ಎಡಗಡೆ ಮಾತ್ರ ಹಿಂದಕ್ಕೆ ಸರಿದರೆ ಇಡೀ ಆಕ್ಸಲ್ ಎಡಕ್ಕೆ ಮುಖ ಮಾಡುತ್ತದೆ. ಗಾಡಿ ಎಡಕ್ಕೆ ಎಳೆಯುತ್ತದೆ. ಇದರ ಜೊತೆಗೆ ಪಟ್ಟಿಗಳನ್ನು ನಡುವೆ ಪೋಣಿಸಿ ಹಿಡಿಯುವ ಸೆಂಟರ್ ಬೋಲ್ಟ್ ತುಂಡಾಗಿದ್ದರೆ ಅಥವಾ ಕಮಾನನ್ನು ಆಕ್ಸಲ್‌ಗೆ ಬಿಗಿಯುವ ಯು ಬೋಲ್ಟ್ ಸಡಿಲವಾಗಿದ್ದರೆ ಸರಿತ ಇನ್ನೂ ದೊಡ್ಡದಾಗುತ್ತದೆ, ಬ್ರೇಕ್ ಹಾಕಿದಾಗಲೆಲ್ಲ ಅದು ಅತ್ತಿತ್ತ ಆಗುತ್ತಲೂ ಇರುತ್ತದೆ. ಅಲೈನ್‌ಮೆಂಟ್ ಮಾಡುವವರು ಟೋ ಮಾತ್ರ ನೋಡಿ ಕಳಿಸಿದ್ದರೆ ಇದು ಅವರ ಕಣ್ಣಿಗೆ ಬಿದ್ದಿರುವುದೇ ಇಲ್ಲ.

ಆದ್ದರಿಂದ ಯಾವ ಮೆಕ್ಯಾನಿಕ್ ಹೇಳಿದ್ದು ಸರಿ ಅಂತ ತೀರ್ಮಾನಿಸುವ ಮೊದಲು ಒಂದು ಅಳತೆ ಟೇಪು ತೆಗೆದುಕೊಳ್ಳಿ. ಗಾಡಿ ಖಾಲಿ ಇರಲಿ. ನೆಲ ನಿಜವಾಗಿಯೂ ಸಮತಟ್ಟಾಗಿರಲಿ. ಎಲ್ಲ ಟೈರಿಗೂ ಗಾಳಿ ಸರಿಯಾಗಿ ತುಂಬಿಸಿ, ಮುಂದಿನ ಎರಡು ಟೈರುಗಳ ಅಳತೆ ಒಂದೇನಾ ನೋಡಿ. ಒಂದು ಹೊಸದು, ಒಂದು ಬೋಳು ಇದ್ದರೆ ಅಲ್ಲೇ ಒಂದಿಷ್ಟು ವ್ಯತ್ಯಾಸ ಬಂದಿರುತ್ತದೆ. ಗಾಡಿಯನ್ನು ಎರಡು ಸಲ ಮುಂದಕ್ಕೆ ಹಿಂದಕ್ಕೆ ಓಡಿಸಿ ನಿಲ್ಲಿಸಿ, ಪಟ್ಟಿಗಳು ಕೂರಬೇಕಾದ ಕಡೆ ಕೂರಲಿ. ಆಮೇಲೆ ನಾಲ್ಕೂ ಮೂಲೆಯಲ್ಲಿ ಆಕ್ಸಲ್‌ನ ಮೇಲಿನಿಂದ ಚಾಸಿಯ ಕೆಳ ಅಂಚಿನವರೆಗೆ ಅಳೆಯಿರಿ. ಮಡ್‌ಗಾರ್ಡ್‌ನಿಂದ ಅಳೆಯಬೇಡಿ. ಕ್ಯಾಬಿನ್‌ನ ರಬ್ಬರ್ ಕೂತಿದ್ದರೆ ಗಾಡಿಯೇ ಕೂತಂತೆ ಕಾಣುತ್ತದೆ. ಡೀಸೆಲ್ ಟ್ಯಾಂಕು, ಬ್ಯಾಟರಿ ಒಂದೇ ಕಡೆ ಇರುವ ಗಾಡಿಯಲ್ಲಿ 1 ಸೆಂ.ಮೀ. ಆಸುಪಾಸು ವ್ಯತ್ಯಾಸಕ್ಕೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. 4 ಸೆಂ.ಮೀ. ಮಾತ್ರ ಖಂಡಿತ ಕಾಯಿಲೆ.

ಆದರೆ ಕಾಯಿಲೆ ಮುಂದೆಯೇ ಇದೆ ಅಂತಲೂ ಹೇಳಲಾಗದು. ಹಿಂದಿನ ಎಡ ಕಮಾನು ಮುರಿದು ಕೂತಿದ್ದರೆ ಅದು ಚಾಸಿಯನ್ನೇ ಎಡಕ್ಕೆ ವಾಲಿಸಿ ಮುಂದಿನ ಎಡಭಾಗವನ್ನೂ ತಗ್ಗಿಸುತ್ತದೆ. ಇದನ್ನು ಪತ್ತೆ ಮಾಡಲು ಚಾಸಿಯ ಹಿಂದಿನ ಅಡ್ಡಪಟ್ಟಿಯ ನಟ್ಟನಡುವೆ ಸಾಕಷ್ಟು ಬಲದ ಜಾಕ್ ಕೊಟ್ಟು, ಹಿಂದಿನ ಕಮಾನುಗಳ ಮೇಲಿನ ಭಾರ ಇಳಿಯುವಷ್ಟು ಎತ್ತಿ ನೋಡುತ್ತಾರೆ. ಮುಂಭಾಗ ಸಮವಾದರೆ ತಪ್ಪು ಹಿಂದಿನದು. ಆಗಲೂ ಎಡ ಮುಂಭಾಗ ತಗ್ಗಾಗಿಯೇ ಇದ್ದರೆ ತಪ್ಪು ಮುಂದಿನದು. ಇದನ್ನು ವರ್ಕ್‌ಶಾಪಿನಲ್ಲೇ ಮಾಡಿಸಿ. ಮುಂದಿನ ಚಕ್ರಕ್ಕೆ ಅಡ್ಡಕಟ್ಟೆ ಕೊಟ್ಟಿರಬೇಕು, ಗಾಡಿಯ ಕೆಳಗೆ ಯಾರೂ ಇರಬಾರದು.

ನನಗೆ ಈ ಪಾಠ ಕಲಿಸಿದ್ದು ಒಂದು ಹಳೆಯ ಟಿಪ್ಪರ್. ಅದರ ಮಾಲೀಕರು ನನ್ನ ಹತ್ತಿರ ಬರುವ ಮುಂಚೆ ಒಂದೇ ಕಡೆಯ ಕಮಾನನ್ನು ಎರಡು ಸಲ ಬದಲಾಯಿಸಿದ್ದರು. ನಾನೂ ಮೊದಲ ದಿನ ಕಮಾನನ್ನೇ ನೋಡುತ್ತಾ ಕೂತೆ. ಮಣ್ಣು ಕೆರೆದು ತೊಳೆಸಿದ ಮೇಲೆ ಕಂಡಿತು: ಕಮಾನಿನ ಹಿಂತುದಿ ಕೂರುವ ಹ್ಯಾಂಗರ್ ಬ್ರ್ಯಾಕೆಟ್ಟಿನಲ್ಲಿ ಕೂದಲೆಳೆಯಷ್ಟು ಸೀಳು. ಭಾರ ಬಿದ್ದಾಗ ಅದು ಬಾಯಿ ಬಿಡುತ್ತಿತ್ತು. ಹೊಸ ಕಮಾನು ಯಾವ ತಪ್ಪೂ ಮಾಡಿರಲಿಲ್ಲ. ಆವತ್ತಿನಿಂದ ಯಾವ ಗಾಡಿ ಬಂದರೂ ಮೊದಲು ತೊಳೆಸಿಯೇ ನೋಡುತ್ತೇನೆ. ನೀವೂ ಹಾಗೆ ಮಾಡಿ. ಬ್ರ್ಯಾಕೆಟ್ಟುಗಳ ಸುತ್ತ ತುಕ್ಕಿನ ಕೆಂಪು ಗೆರೆ ಕಂಡರೆ ಸೀಳು ಅಥವಾ ಸಡಿಲ ರಿವೆಟ್ ಇದೆ ಅಂತಲೇ ಅನುಮಾನಿಸಿ. ಶ್ಯಾಕಲ್ ಪಿನ್ನು, ಬುಷ್ ಎಷ್ಟು ಸವೆದಿವೆ ನೋಡಿ. ಪಟ್ಟಿಗಳ ಪಕ್ಕದಲ್ಲಿ ಬೆರಳಾಡಿಸಿ. ಮುರಿದ ಪಟ್ಟಿ ಎಷ್ಟೋ ಸಲ ಕ್ಲಿಪ್ಪಿನ ಒಳಗೆ ಅಥವಾ ಯು ಬೋಲ್ಟಿನ ಕೆಳಗೆ ಅಡಗಿರುತ್ತದೆ, ಮೇಲಿಂದ ಕಾಣುವುದಿಲ್ಲ.

ಟೇಪು ಕೈಯಲ್ಲಿರುವಾಗಲೇ ಇನ್ನೊಂದು ಅಳತೆ ತೆಗೆಯಿರಿ. ಸ್ಟೇರಿಂಗ್ ನೇರ ಇಟ್ಟು, ಮುಂದಿನ ಹಬ್ಬಿನ ನಡುಮಧ್ಯದಿಂದ ಹಿಂದಿನ ಹಬ್ಬಿನ ನಡುಮಧ್ಯಕ್ಕೆ ಎರಡೂ ಕಡೆ ಅಳೆಯಿರಿ. 10 ಮಿ.ಮೀ.ಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಒಂದು ಆಕ್ಸಲ್ ತನ್ನ ಜಾಗ ಬಿಟ್ಟಿದೆ ಅಂತ ನಾನು ಲೆಕ್ಕ ಹಾಕುತ್ತೇನೆ. ಅದು ಮುಂದಿನದೋ ಹಿಂದಿನದೋ ಆಮೇಲೆ ಹುಡುಕಬೇಕು. ಹಿಂದಿನ ಆಕ್ಸಲ್ ಓರೆಯಾದರೂ ಗಾಡಿ ಒಂದು ಕಡೆ ತಳ್ಳಿಸಿಕೊಂಡು ಹೋಗುತ್ತದೆ, ಚಾಲಕರು ಸ್ಟೇರಿಂಗ್ ಒತ್ತಿ ಹಿಡಿಯುತ್ತಾರೆ, ಮುಂದಿನ ಟೈರ್ ಪಾಪ ಸುಮ್ನೆ ಸವೆಯುತ್ತದೆ.

ಪರೀಕ್ಷೆಯಲ್ಲಿ ಬ್ರ್ಯಾಕೆಟ್ಟು, ಶ್ಯಾಕಲ್ಲು, ಬೋಲ್ಟು ಎಲ್ಲ ಸರಿ ಇದ್ದು, ತಪ್ಪು ಎಡ ಕಮಾನಿನದೇ ಅಂತ ಗೊತ್ತಾಯಿತು ಅಂದುಕೊಳ್ಳೋಣ. ಕಮಾನು ಯಾಕೆ ಇಳಿಯುತ್ತದೆ? "ಉಕ್ಕು ಹಳೆಯದಾಗಿ ಮೆತ್ತಗಾಯಿತು" ಅನ್ನುತ್ತಾರೆ. ಅದು ಪೂರ್ತಿ ನಿಜ ಅಲ್ಲ. ವಯಸ್ಸಾದರೆ ಉಕ್ಕಿನ ಬಿಗುವು ಕಡಿಮೆಯಾಗುವುದಿಲ್ಲ. ಆಗುವುದು ಬೇರೆ. ಮಿತಿ ಮೀರಿ ಭಾರ ಹೇರಿದಾಗ, ಗುಂಡಿಯಲ್ಲಿ ಬಲವಾಗಿ ಬಿದ್ದಾಗ ಪಟ್ಟಿ ತಾನು ಮರಳಬಹುದಾದ ಮಿತಿಗಿಂತ ಜಾಸ್ತಿ ಬಗ್ಗುತ್ತದೆ. ಭಾರ ಇಳಿದ ಮೇಲೆ ಮೊದಲಿನ ಬಾಗಿಗೆ ಪೂರ್ತಿ ಮರಳುವುದಿಲ್ಲ. ಪ್ರತಿ ಸಲ ಒಂದಿಷ್ಟು ಕಳೆದು ಕಳೆದು ಒಂದು ದಿನ ಚಪ್ಪಟೆಯಾಗಿರುತ್ತದೆ. ನಿಜವಾಗಿ ಮೆತ್ತಗಾಗುವುದು ತುಕ್ಕಿನಿಂದ, ಯಾಕೆಂದರೆ ಪಟ್ಟಿಯ ಬಿಗುವು ಅದರ ದಪ್ಪದ ಘನಕ್ಕೆ ತಕ್ಕಂತೆ ಇರುತ್ತದೆ. ತುಕ್ಕು ತಿಂದು ದಪ್ಪ ನೂರಕ್ಕೆ 10 ಕಡಿಮೆಯಾದರೆ ಬಿಗುವು ನೂರಕ್ಕೆ 27 ಹೋಗುತ್ತದೆ. ತುಕ್ಕಿನ ಗುಳಿಗಳಿಂದಲೇ ಬಿರುಕೂ ಶುರುವಾಗುತ್ತದೆ. ಎಡಗಡೆ ಮಾತ್ರ ಇಳಿಯಲು, ಆ ಕಡೆಗೇ ಭಾರ ಜಾಸ್ತಿ ಬೀಳುವಂತೆ ಲೋಡು ಮಾಡುವ ಅಭ್ಯಾಸವೋ ರಸ್ತೆಯ ಅಂಚಿನ ಗುಂಡಿಗಳೋ ಕಾರಣ ಆಗಿರಬಹುದು. ಇದನ್ನು ನೀವೇ ಯೋಚಿಸಿ ನೋಡಬೇಕು, ಇಲ್ಲದಿದ್ದರೆ ಹೊಸ ಕಮಾನಿಗೂ ಅದೇ ಗತಿ.

ಇನ್ನು ಮೂವರು ಹೇಳಿದ ದಾರಿಗಳು.

ಬ್ಲಾಕ್ ಇಡುವ ಮಾತನ್ನು ಇಲ್ಲಿಗೇ ಬಿಡಿ. ಮುಂದಿನ ಆಕ್ಸಲ್ ಮತ್ತು ಕಮಾನಿನ ನಡುವೆ ಎತ್ತರದ ಬ್ಲಾಕ್ ಇಡಬಾರದು. ಬ್ರೇಕ್ ಹಾಕಿದಾಗ ಆಕ್ಸಲ್ ತಿರುಚಿಕೊಳ್ಳಲು ನೋಡುತ್ತದೆ. ಬ್ಲಾಕಿನ ಎತ್ತರ ಆ ತಿರುಚುವ ಬಲಕ್ಕೆ ಹಾರೆಯ ಹಾಗೆ ಸಹಾಯ ಮಾಡುತ್ತದೆ. ಬ್ಲಾಕ್ ಜಾರಿದರೆ ಸ್ಟೇರಿಂಗ್ ಇರುವ ಆಕ್ಸಲ್ಲೇ ಜಾಗ ಬಿಡುತ್ತದೆ. ಒಂದೇ ಕಡೆ ಇಡುವುದಂತೂ ಇನ್ನೂ ಕೆಟ್ಟದ್ದು.

ಹಳೇ ಪಟ್ಟಿಯನ್ನು ಕಾಯಿಸಿ ಬಗ್ಗಿಸುವ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ತುಂಬ ಜನ ಇದನ್ನೇ ಮಾಡಿಸುತ್ತಾರೆ, ಮಾಡುವವರೂ ನಿಜವಾದ ಕೈಕಸುಬು ಇರುವವರೇ. ತೊಂದರೆ ಇರುವುದು ಉಕ್ಕಿನ ಸ್ವಭಾವದಲ್ಲಿ. ಕಾರ್ಖಾನೆಯಲ್ಲಿ ಪಟ್ಟಿಯನ್ನು ಸುಮಾರು 850ರಿಂದ 900 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, ಬಾಗಿಸಿ, ಎಣ್ಣೆಯಲ್ಲಿ ಅದ್ದಿ ಗಡಸು ಮಾಡುತ್ತಾರೆ. ಆ ಗಡಸು ಗಾಜಿನ ಹಾಗೆ, ಬೇಗ ಒಡೆಯುತ್ತದೆ. ಅದಕ್ಕೇ ಮತ್ತೆ 450-500 ಡಿಗ್ರಿಯ ಆಸುಪಾಸಿನಲ್ಲಿ ಹದವಾಗಿ ಕಾಯಿಸಿ ಹದ ಕೊಡುತ್ತಾರೆ. ಸ್ಪ್ರಿಂಗ್ ಆಗುವುದು ಆಗ. ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಬಗ್ಗಿಸಿ ಗಾಳಿಗೆ ಬಿಟ್ಟರೆ ಆ ಹದ ಹೋಗಿ ಪಟ್ಟಿ ಮೆತ್ತಗಾಗುತ್ತದೆ, ಕೆಲವೇ ಲೋಡಿಗೆ ಮತ್ತೆ ಚಪ್ಪಟೆ. ಕಾಯಿಸಿ ನೀರಿಗೆ ಅದ್ದಿ ಹಾಗೇ ಕೊಟ್ಟರೆ ಎಲ್ಲೋ ಗುಂಡಿಯಲ್ಲಿ ಎರಡು ತುಂಡು. ಬಣ್ಣ ನೋಡಿ ಹದ ಹಿಡಿಯುವ ಹಿರಿಯ ಕೈಗಳು ಇವೆ. ಆದರೆ ಪಟ್ಟಿಯ ಉದ್ದಕ್ಕೂ ಒಂದೇ ಹದ ಬಂದಿದೆ ಅಂತ ಕಣ್ಣಲ್ಲಿ ಹೇಳಲು ಯಾರಿಗೂ ಆಗುವುದಿಲ್ಲ.

ಕಾಯಿಸದೆ ತಣ್ಣಗೆ ಪ್ರೆಸ್ಸಿನಲ್ಲೋ ಸುತ್ತಿಗೆಯಲ್ಲೋ ಬಾಗಿಸುವುದೂ ಇದೆ. ಇದರಲ್ಲಿ ಹದ ಉಳಿಯುತ್ತದೆ. ಬೇರೆಯದೊಂದು ಹೋಗುತ್ತದೆ. ಕಾರ್ಖಾನೆಯಲ್ಲಿ ಹೊಸ ಕಮಾನನ್ನು ಕೊನೆಗೊಮ್ಮೆ ಕೆಲಸದ ಮಿತಿಗಿಂತ ಜಾಸ್ತಿ ಒತ್ತಿ ಬಿಡುತ್ತಾರೆ. ಇದರಿಂದ ಪಟ್ಟಿಯ ಮೇಲ್ಮೈಯಲ್ಲಿ ಒಂದು ಬಗೆಯ ಒಳಬಿಗಿ ಉಳಿದು ಮುಂದೆ ಭಾರಕ್ಕೆ ಇಳಿಯದಂತೆ ಕಾಯುತ್ತದೆ. ಎಳೆತಕ್ಕೆ ಸಿಗುವ ಮುಖದ ಮೇಲೆ ಸಣ್ಣ ಉಕ್ಕಿನ ಗುಂಡುಗಳನ್ನು ಸಿಡಿಸಿ ಬಿರುಕು ಹುಟ್ಟದಂತೆಯೂ ಮಾಡಿರುತ್ತಾರೆ. ನಾವು ಅದನ್ನು ಉಲ್ಟಾ ದಿಕ್ಕಿಗೆ ಬಗ್ಗಿಸಿದರೆ ಆ ಒಳಬಿಗಿ ತಿರುವುಮುರುವಾಗುತ್ತದೆ. ಅದಕ್ಕೇ ತಣ್ಣಗೆ ಬಾಗಿಸಿದ ಕಮಾನು ಮೊದಲ ವಾರ ಚೆನ್ನಾಗಿ ಕಂಡು, ಬೇಗ ಮತ್ತೆ ಇಳಿಯುತ್ತದೆ. ಬೇರೆ ದಾರಿ ಇಲ್ಲದಾಗ, ಬಿರುಕು ಇಲ್ಲದ ಒಳ್ಳೆಯ ಪಟ್ಟಿಗಳಿಗೆ, ಹಿಂದಿನ ಆಕ್ಸಲ್‌ನಲ್ಲಿ ಇದನ್ನು ನಾನು ಒಪ್ಪಿದ್ದುಂಟು. ಮುಂದಿನ ಆಕ್ಸಲ್‌ಗೆ, ಅದರಲ್ಲೂ ತುದಿಯಲ್ಲಿ ಪಿನ್ನು ಕೂರುವ ಕಣ್ಣು (ಉಂಗುರದಂತೆ ಸುತ್ತಿದ ತೂತು) ಇರುವ ಮೇನ್ ಪಟ್ಟಿಗೆ ಒಪ್ಪುವುದಿಲ್ಲ. ಆಕ್ಸಲ್ಲನ್ನು ಗಾಡಿಗೆ ಹಿಡಿದಿಡುವುದೇ ಆ ಪಟ್ಟಿ. ಪಟ್ಟಿಗೆ ವೆಲ್ಡಿಂಗ್ ಮಾಡಿಸುವ ಮಾತಂತೂ ಬೇಡವೇ ಬೇಡ. ಪಕ್ಕದಲ್ಲಿ ವೆಲ್ಡಿಂಗ್ ಮಾಡುವಾಗ ಒಂದು ಕಿಡಿ ಪಟ್ಟಿಗೆ ತಾಗಿದರೂ ಅಲ್ಲಿಂದ ಬಿರುಕು ಹುಟ್ಟುತ್ತದೆ. ಒದ್ದೆ ಗೋಣಿ ಮುಚ್ಚಿ ಕೆಲಸ ಮಾಡಲು ಹೇಳಿ.

ಎಡಕ್ಕೆ ಮಾತ್ರ ಒಂದು ಪಟ್ಟಿ ಜಾಸ್ತಿ ಹಾಕಿದರೆ ಗಾಡಿ ಸಮ ಆಗಿ ನಿಲ್ಲುತ್ತದೆ, ನಿಜ. ಆದರೆ ನಿಂತಾಗ ಮಾತ್ರ. ಓಡುವಾಗ ಎಡ ಬಿಗಿ, ಬಲ ಮೆದು. ಬ್ರೇಕ್ ಹಾಕಿದಾಗ ಬಲಗಡೆ ಜಾಸ್ತಿ ಬಾಗುತ್ತದೆ, ಗಾಡಿ ಒಂದು ಕಡೆ ಮುಖ ತಿರುಗಿಸುತ್ತದೆ. ಎರಡೂ ಕಡೆ ಸಮನಾಗಿ ಒಂದೊಂದು ಪಟ್ಟಿ ಹಾಕುವುದು ಇದಕ್ಕಿಂತ ಎಷ್ಟೋ ವಾಸಿ. ಹಾಗೆ ಮಾಡುವುದಾದರೆ ಸೆಂಟರ್ ಬೋಲ್ಟ್ ಮತ್ತು ಯು ಬೋಲ್ಟ್ ಉದ್ದದವು ಬೇಕು, ಪಟ್ಟಿಗಳ ಉದ್ದ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಕ್ರಮ ತಪ್ಪಬಾರದು. ಆದರೂ ಚಪ್ಪಟೆಯಾದ ಹಳೇ ಪಟ್ಟಿಗಳ ಮಧ್ಯೆ ಬಾಗಿದ ಹೊಸ ಪಟ್ಟಿ ಕೂತರೆ ಭಾರದ ದೊಡ್ಡ ಪಾಲು ಅದೇ ಹೊರುತ್ತದೆ, ಮೊದಲು ಮುರಿಯುವುದೂ ಅದೇ. ಪಟ್ಟಿ ಹೆಚ್ಚಾಯಿತು ಅಂತ ಲೋಡು ಹೆಚ್ಚಿಸುವುದು ಇನ್ನೊಂದು ಅಪಾಯ. ಆಕ್ಸಲ್, ಟೈರ್, ಬ್ರೇಕ್, ಚಾಸಿ ಯಾವುದರ ಶಕ್ತಿಯೂ ಹೆಚ್ಚಿರುವುದಿಲ್ಲ.

ನಾನು ನಿಮಗೆ ಹೇಳುವುದು: ಎರಡೂ ಕಡೆ ಹೊಸ ಕಮಾನು, ಜೋಡಿಯಾಗಿ. ನಿಮ್ಮ ಮಾದರಿಯ ಗಾಡಿಗೆ ಹೇಳಿದ ಪಟ್ಟಿಗಳ ಸಂಖ್ಯೆ ಮತ್ತು ದಪ್ಪ ಇರುವಂಥದ್ದೇ ಆಗಬೇಕು. ಕೆಲವು ಗಾಡಿಗಳಲ್ಲಿ ಎಡ ಬಲ ಬೇರೆ ಬೇರೆ ಇರುತ್ತವೆ, ಕೇಳಿ ತೆಗೆದುಕೊಳ್ಳಿ. ಬಲಗಡೆಯದು ಇನ್ನೂ ಚೆನ್ನಾಗಿದೆ ಅಂತ ನಿಮಗೆ ಅನ್ನಿಸಬಹುದು. ಅದೂ ಅಷ್ಟೇ ವರ್ಷ ದುಡಿದಿದೆ. ಒಂದೇ ಕಡೆ ಹೊಸದು ಹಾಕಿದರೆ ಈಗಿನ ವಾಲು ಬಲಕ್ಕೆ ತಿರುಗುತ್ತದೆ, ಅಷ್ಟೇ. ಈಗ ಖರ್ಚಿನ ತೊಂದರೆ ಇದ್ದರೆ ಜೋಡಿ ಕೊಳ್ಳುವವರೆಗೆ ಲೋಡು ಕಡಿಮೆ ಮಾಡಿ ಕಾಯುವುದು, ಅರೆಬರೆ ರಿಪೇರಿಗೆ ದುಡ್ಡು ಹಾಕುವುದಕ್ಕಿಂತ ಒಳ್ಳೆಯದು.

ಕಮಾನು ಕಳಚುವುದು ಮನೆಮುಂದೆ ಮಾಡುವ ಕೆಲಸ ಅಲ್ಲ. ಚಾಸಿ ಗಟ್ಟಿ ಸ್ಟ್ಯಾಂಡಿನ ಮೇಲೆ ಕೂತು, ಕಮಾನಿನ ಮೇಲಿನ ಭಾರ ಪೂರ್ತಿ ತೆಗೆದ ಮೇಲೆಯೇ ಯು ಬೋಲ್ಟ್ ಬಿಚ್ಚಬೇಕು. ಕಮಾನಿನ ಕಟ್ಟು ಬಿಚ್ಚುವಾಗ ದೊಡ್ಡ ಕ್ಲ್ಯಾಂಪ್ ಹಾಕದೆ ಸೆಂಟರ್ ಬೋಲ್ಟ್ ತೆಗೆದರೆ ಪಟ್ಟಿಗಳು ಸಿಡಿಯುತ್ತವೆ. ಒಬ್ಬ ಹುಡುಗನ ಮುಂಗೈ ಮುರಿದದ್ದನ್ನು ಕಣ್ಣಾರೆ ಕಂಡಿದ್ದೇನೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಕೆಲಸ ಮಾಡಿಸುವಾಗ ಯು ಬೋಲ್ಟ್ ಹೊಸದೇ ಹಾಕಿಸಿ. ಒಮ್ಮೆ ಬಿಗಿದು ಹಿಗ್ಗಿದ ಯು ಬೋಲ್ಟ್ ಎರಡನೇ ಸಲ ಅದೇ ಹಿಡಿತ ಕೊಡುವುದಿಲ್ಲ. ಅದು ಸಡಿಲವಾದರೆ ಆಕ್ಸಲ್ಲನ್ನು ಹಿಡಿಯುವ ಹೊಣೆ ಬಡ ಸೆಂಟರ್ ಬೋಲ್ಟಿನ ಮೇಲೆ ಬೀಳುತ್ತದೆ. ಬೋಲ್ಟ್ ತುಂಡಾಗುತ್ತದೆ, ಪಟ್ಟಿಯೂ ಅದೇ ತೂತಿನ ಹತ್ತಿರ ಮುರಿಯುತ್ತದೆ. ನಾಲ್ಕು ನಟ್ಟುಗಳನ್ನು ಎದುರುಬದುರಾಗಿ, ಹಂತ ಹಂತವಾಗಿ, ಗಾಡಿಯ ಪುಸ್ತಕದಲ್ಲಿ ಹೇಳಿದಷ್ಟು ಟಾರ್ಕ್‌ಗೆ (ತಿರುಚುವ ಬಲಕ್ಕೆ) ಬಿಗಿಯಬೇಕು. ಕಣ್ಣಿನಲ್ಲಿ ರಬ್ಬರ್ ಬುಷ್ ಇದ್ದರೆ ಅದರ ಬೋಲ್ಟನ್ನು ಚಕ್ರ ನೆಲಕ್ಕಿಳಿದು ಭಾರ ಬಿದ್ದ ಮೇಲೆ ಕೊನೆಯ ಬಿಗಿ ಕೊಡಬೇಕು, ಇಲ್ಲದಿದ್ದರೆ ರಬ್ಬರ್ ಯಾವಾಗಲೂ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಲೋಹದ ಪಿನ್ನು ಬುಷ್ ಆದರೆ ಗ್ರೀಸ್ ತಪ್ಪಿಸಬಾರದು.

ಇಷ್ಟಾದ ಮೇಲೂ ನಿಮ್ಮ ಟೈರ್ ಸವೆತ ನಿಲ್ಲುತ್ತದೆ ಅಂತ ನಾನು ಭರವಸೆ ಕೊಡಲಾರೆ. ಎರಡೂ ಟೈರಿನ ಹೊರ ಅಂಚು ಸವೆದಿದೆ ಅಂದಿರಿ. ಗಾಡಿ ನಿಲ್ಲಿಸಿ ಟೈರಿನ ಅಗಲಕ್ಕೆ ಅಂಗೈ ಆಡಿಸಿ ನೋಡಿ. ಹೊರಗಿಂದ ಒಳಕ್ಕೆ ನಯವಾಗಿದ್ದು, ಒಳಗಿಂದ ಹೊರಕ್ಕೆ ಎಳೆದಾಗ ಗರಗಸದ ಹಲ್ಲಿನ ಹಾಗೆ ಚುಚ್ಚಿದರೆ ಟೋ-ಇನ್ ಜಾಸ್ತಿಯಾಗಿದೆ, ಅಂದರೆ ಚಕ್ರಗಳ ಮುಂತುದಿ ಬೇಕಾದ್ದಕ್ಕಿಂತ ಒಳಕ್ಕೆ ತಿರುಗಿದೆ. ಇದರ ಉಲ್ಟಾ ಆದರೆ ಹೊರಕ್ಕೆ ತಿರುಗಿದೆ. ಅಂಥ ಹಲ್ಲು ಇಲ್ಲದೆ ಬರೀ ಅಂಚು ಬೋಳಾಗಿದ್ದರೆ ಗಾಳಿ ಕಡಿಮೆ ಇತ್ತೋ, ಕ್ಯಾಂಬರ್ ತಪ್ಪಿದೆಯೋ ನೋಡಬೇಕು. ಟೋ ಚಿಕ್ಕ ಅಳತೆ. ಆದರೆ ಅದರ ಹೊಡೆತ ಚಿಕ್ಕದಲ್ಲ. 1 ಮೀಟರ್ ವ್ಯಾಸದ ಟೈರುಗಳಲ್ಲಿ ಒಟ್ಟು 3 ಮಿ.ಮೀ. ಹೆಚ್ಚು ಕಡಿಮೆಯಾದರೆ ಪ್ರತಿ ಟೈರು ಒಂದೊಂದು ಕಿಲೋಮೀಟರಿಗೂ 1.5 ಮೀಟರಿನಷ್ಟು ಅಡ್ಡಕ್ಕೆ ಉಜ್ಜಿಸಿಕೊಳ್ಳುತ್ತದೆ.

ಎರಡು ಸಲ ಸರಿಮಾಡಿದ ಟೋ ಮತ್ತೆ ಯಾಕೆ ತಪ್ಪಿತು? ಸರಿಮಾಡುವಾಗ ಸವೆದ ಕೀಲುಗಳು ಹಾಗೇ ಉಳಿದಿದ್ದವು ಅನ್ನುವುದು ನನ್ನ ಬಲವಾದ ಅನುಮಾನ. ಕೀಲು ಸಡಿಲವಾಗಿ ಪ್ಲೇ ಬಂದ ಗಾಡಿಗೆ ಅಲೈನ್‌ಮೆಂಟ್ ಮಾಡುವುದು ಅಲುಗುವ ಮೇಜಿನ ಮೇಲೆ ತಕ್ಕಡಿ ಇಟ್ಟ ಹಾಗೆ. ಆಕ್ಸಲ್ ಕೆಳಗೆ ಜಾಕ್ ಕೊಟ್ಟು ಚಕ್ರ ಎತ್ತಿ, ಟೈರಿನ ಮೇಲ್ತುದಿ ಕೆಳತುದಿ ಹಿಡಿದು ಅಲ್ಲಾಡಿಸಿ. ಪ್ಲೇ ಕಂಡರೆ ಒಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸಿ. ಬ್ರೇಕ್ ಒತ್ತಿದಾಗ ಪ್ಲೇ ಮಾಯವಾದರೆ ಅದು ಹಬ್ ಬೇರಿಂಗ್‌ನದು. ಉಳಿದರೆ ಕಿಂಗ್ ಪಿನ್ನಿನದು. ಆಮೇಲೆ ಚಕ್ರ ನೆಲದ ಮೇಲಿರುವಾಗ ಒಬ್ಬರು ಸ್ಟೇರಿಂಗನ್ನು ಸ್ವಲ್ಪ ಸ್ವಲ್ಪ ಅತ್ತಿತ್ತ ಆಡಿಸಲಿ, ನೀವು ಟೈ ರಾಡ್ ಮತ್ತು ಡ್ರ್ಯಾಗ್ ಲಿಂಕ್‌ನ ತುದಿಗಳ ಮೇಲೆ ಕೈ ಇಟ್ಟು ನೋಡಿ, ಸಡಿಲ ಇದ್ದರೆ ಬೆರಳಿಗೆ ಗೊತ್ತಾಗುತ್ತದೆ. ಟೈ ರಾಡಿನ ಕ್ಲ್ಯಾಂಪ್ ಬೋಲ್ಟ್ ಬಿಗಿ ಇದೆಯಾ ಅಂತಲೂ ನೋಡಿ. ಅದೊಂದು ಸಡಿಲ ಉಳಿದರೂ ಮಾಡಿದ ಅಲೈನ್‌ಮೆಂಟ್ ಕೆಲವೇ ವಾರಕ್ಕೆ ಹೋಗುತ್ತದೆ.

ಹಾಗಾಗಿ ಕೆಲಸದ ಕ್ರಮ ಬದಲಾಯಿಸಬೇಡಿ. ಮೊದಲು ಸವೆದ ಕೀಲು, ಬೇರಿಂಗ್, ಕಿಂಗ್ ಪಿನ್. ಆಮೇಲೆ ಕಮಾನು. ಆಮೇಲೆ ಆಕ್ಸಲ್‌ಗಳು ಚಾಸಿಗೆ ಚೌಕವಾಗಿ ಇವೆಯಾ ಅನ್ನುವ ಅಳತೆ. ಕ್ಯಾಸ್ಟರ್, ಕ್ಯಾಂಬರ್ ನೋಡಿ, ಎಲ್ಲದರ ಕೊನೆಗೆ ಟೋ. ಕ್ಯಾಸ್ಟರ್ ತಪ್ಪಿದ್ದರೆ ಕಮಾನು ಮತ್ತು ಆಕ್ಸಲ್ ನಡುವೆ ತೆಳು ಓರೆ ಷಿಮ್ ಇಟ್ಟು ಸರಿಮಾಡುತ್ತಾರೆ. ಇದು ಆಗಲೇ ಹೇಳಿದ ಬ್ಲಾಕ್ ಅಲ್ಲ, ಕೋನ ತಿದ್ದುವ ತೆಳ್ಳನೆಯ ಬಿಲ್ಲೆ. ಆಕ್ಸಲ್ ಕಮಾನಿನ ಕೆಳಗಿರುವ ಗಾಡಿಯಲ್ಲಿ ಷಿಮ್ಮಿನ ದಪ್ಪ ತುದಿ ಹಿಂದಕ್ಕಿದ್ದರೆ ಕ್ಯಾಸ್ಟರ್ ಹೆಚ್ಚುತ್ತದೆ. ಕಮಾನು ಬದಲಾಯಿಸುವಾಗ ಹಳೇ ಷಿಮ್ ಕೆಳಗೆ ಬಿದ್ದು ಉಲ್ಟಾ ಕೂತರೆ ಗಾಡಿ ಓಲಾಡಲು ಶುರು. ಬಿಚ್ಚುವ ಮುಂಚೆ ಚಾಕ್‌ಪೀಸಿನಲ್ಲಿ ಗುರುತು ಹಾಕಿಸಿ. ಕ್ಯಾಂಬರ್ ತಪ್ಪಿದ್ದರೆ ಆಕ್ಸಲ್ ಬಗ್ಗಿದೆ ಅಥವಾ ಕಿಂಗ್ ಪಿನ್ ಸವೆದಿದೆ. ಆಕ್ಸಲ್ಲನ್ನು ಕಾಯಿಸಿ ನೆಟ್ಟಗೆ ಮಾಡಲು ಯಾರಿಗೂ ಬಿಡಬೇಡಿ.

ಎಲ್ಲ ಆದ ಮೇಲೂ ಸ್ವಲ್ಪ ಎಳೆತ ಉಳಿದರೆ ಮುಂದಿನ ಟೈರುಗಳನ್ನು ಎಡ ಬಲ ಬದಲಾಯಿಸಿ ನೋಡಿ. ಎಳೆತವೂ ಬಲಕ್ಕೆ ಹೋದರೆ ತಪ್ಪು ಟೈರಿನದು. ಈಗಾಗಲೇ ಹಲ್ಲು ಹಲ್ಲಾಗಿ ಸವೆದ ಟೈರು, ಅಲೈನ್‌ಮೆಂಟ್ ಸರಿಯಾದ ಮೇಲೂ ಕೆಲವು ಕಾಲ ತನ್ನ ಹಳೇ ಚಾಳಿ ಬಿಡುವುದಿಲ್ಲ. ದೂರ ಓಡಿಸಿದ ಮೇಲೆ ಎರಡೂ ಮುಂದಿನ ಹಬ್ಬಿನ ಹತ್ತಿರ ಕೈ ಒಡ್ಡಿ ಬಿಸಿ ನೋಡಿ, ಮುಟ್ಟಬೇಡಿ. ಎಡಗಡೆ ಮಾತ್ರ ಜಾಸ್ತಿ ಬಿಸಿ ಇದ್ದರೆ ಬ್ರೇಕ್ ಹಿಡಿದುಕೊಂಡಿದೆ, ಅದೂ ಎಡಕ್ಕೆ ಎಳೆಯುತ್ತದೆ.

ಕೊನೆಯ ಪ್ರಶ್ನೆ, ಅಲ್ಲಿಯವರೆಗೆ ಓಡಿಸಬಹುದಾ ಅಂತ. ಮೇನ್ ಪಟ್ಟಿ ಮುರಿದಿದ್ದರೆ, ಸೆಂಟರ್ ಬೋಲ್ಟ್ ತುಂಡಾಗಿದ್ದರೆ, ಆಕ್ಸಲ್ ಜಾಗ ಬಿಟ್ಟಿದ್ದರೆ, ಹ್ಯಾಂಗರ್ ಸೀಳಿದ್ದರೆ, ಆಕ್ಸಲ್ ಚಾಸಿಗೆ ಬಡಿಯದಂತೆ ಇಟ್ಟ ಎಡಗಡೆಯ ಬಂಪ್ ಸ್ಟಾಪ್ ರಬ್ಬರ್ ಖಾಲಿ ಗಾಡಿಯಲ್ಲೇ ತಾಗುತ್ತಿದ್ದರೆ, ಕಿಂಗ್ ಪಿನ್ನಿನಲ್ಲೋ ಸ್ಟೇರಿಂಗ್ ಕೀಲಿನಲ್ಲೋ ಕಣ್ಣಿಗೆ ಕಾಣುವಷ್ಟು ಪ್ಲೇ ಇದ್ದರೆ ಗಾಡಿ ನಿಲ್ಲಿಸಿ. ಲೋಡು ಹೋಗಲಿ, ಖಾಲಿಯೂ ಬೇಡ. ಇದ್ಯಾವುದೂ ಇಲ್ಲದೆ ಪಟ್ಟಿ ಬರೀ ಚಪ್ಪಟೆಯಾಗಿದ್ದರೆ ಲೋಡು ಕಡಿಮೆ ಮಾಡಿ, ನಿಧಾನವಾಗಿ ಕೆಲವು ದಿನ ಓಡಿಸಬಹುದು. ಪ್ರತಿ ದಿನ ಹೊರಡುವ ಮುಂಚೆ ಬಗ್ಗಿ ಒಮ್ಮೆ ಯು ಬೋಲ್ಟ್ ಮತ್ತು ಪಟ್ಟಿಗಳನ್ನು ನೋಡಿ.

ಹೊಸ ಕಮಾನು ಹಾಕಿದ ಮೇಲೆ 500ರಿಂದ 1000 ಕಿ.ಮೀ. ಓಡಿದಾಗ ಯು ಬೋಲ್ಟುಗಳನ್ನು ಮತ್ತೆ ಟಾರ್ಕ್‌ಗೆ ಬಿಗಿಸಿ. ಪಟ್ಟಿಗಳು ಒಂದರ ಮೇಲೊಂದು ಕೂತು ಸ್ವಲ್ಪ ಸಡಿಲ ಬಂದೇ ಬಂದಿರುತ್ತದೆ. ಆವತ್ತೇ ನಾಲ್ಕು ಮೂಲೆಯ ಎತ್ತರವನ್ನೂ ಎರಡು ಕಡೆಯ ಹಬ್ ಅಳತೆಯನ್ನೂ ಮತ್ತೆ ತೆಗೆದು, ಮೊದಲ ದಿನದ ಅಳತೆಯ ಪಕ್ಕದಲ್ಲಿ ಬರೆದಿಡಿ. ಅಳತೆ ತೆಗೆದ ಮೇಲೆ ಬೇಕಿದ್ದರೆ ಆ ಅಂಕಿಗಳನ್ನು ನನಗೂ ಕಳಿಸಿ, ನೋಡಿ ಹೇಳುತ್ತೇನೆ.